ಯೋಬಮ್ಮ ಬಿಟ್ಟ ಎರಡು ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಡಯಾಲಿಸಿಸ್ ಕೋಣೆಯಲ್ಲಿ ರಾತ್ರಿ ಪಾಳಿಯ ಯಂತ್ರಗಳು ಒಂದೊಂದಾಗಿ ಕುಂಯ್‌ಗುಟ್ಟಿ ನಿಲ್ಲುತ್ತಿವೆ. ಹಗಲು ದುಡಿಯಲು ಹೋಗಬೇಕಾದವರು ರಾತ್ರಿಯಿಡೀ ಇಲ್ಲಿ ಮಲಗಿ ರಕ್ತ ತೊಳೆಸಿಕೊಂಡು ಹೋಗುತ್ತಾರೆ. ಮೂರನೇ ಮಂಚದಲ್ಲಿರುವ ತರಕಾರಿ ಅಂಗಡಿಯವರ ತೋಳಿನಿಂದ ನರ್ಸ್ ಮೊದಲ ಸೂಜಿ ಎಳೆಯುತ್ತಾರೆ. ಎಳೆದದ್ದೇ ತಡ, ಕೈಗವಸು ತೊಟ್ಟ ಎರಡು ಬೆರಳು ಹತ್ತಿಯ ಮೇಲೆ ಬಂದು ಗಟ್ಟಿಯಾಗಿ ಕೂರುತ್ತವೆ. ಬೆರಳಿನ ಒಡತಿ ಕಣ್ಣು ಅರೆಮುಚ್ಚಿ ಕೇಳುತ್ತಾರೆ, "ಇವತ್ತು ನಿಮ್ದು ಎಷ್ಟನೇದು?"

"ಮೂವತ್ತೊಂಬತ್ತು," ಎನ್ನುತ್ತಾರೆ ತರಕಾರಿಯವರು. "ಕತ್ತೆ ಬಂದಾಗ ನನ್ನ ಮುಖ ನೋಡ್ಬೇಡಿ, ಮತ್ತೆ."

ಬೈಬಲಿನ ಯೋಬನ ಗ್ರಂಥದ ಮೂವತ್ತೊಂಬತ್ತನೇ ಅಧ್ಯಾಯ ಶುರುವಾಗುತ್ತದೆ. ಬಂಡೆಯ ಸಂದಿಯಲ್ಲಿ ಮರಿ ಹಾಕುವ ಕಾಡುಮೇಕೆ, ಯಾರ ಮಾತಿಗೂ ಬಗ್ಗದ ಕಾಡುಕತ್ತೆ, ಮೊಟ್ಟೆಯನ್ನು ನೆಲದಲ್ಲೇ ಬಿಟ್ಟು ಓಡುವ ಉಷ್ಟ್ರಪಕ್ಷಿ, ಯುದ್ಧದ ವಾಸನೆ ಹಿಡಿದು ನೆಲ ಕೆರೆಯುವ ಕುದುರೆ, ಎಲ್ಲವೂ ಸಾಲಾಗಿ ಬರುತ್ತವೆ. ಪುಸ್ತಕವಿಲ್ಲ, ಚೀಟಿಯಿಲ್ಲ, ತಡವರಿಸುವುದಿಲ್ಲ. ಕತ್ತೆಯ ಭಾಗ ಬಂದಾಗ ಒಂದು ಕಣ್ಣು ಮಾತ್ರ ತೆರೆದು ತರಕಾರಿಯವರನ್ನೇ ನೋಡುತ್ತದೆ. ಅಕ್ಕಪಕ್ಕದ ಮಂಚಗಳಲ್ಲಿ ಕಿಸಕ್ಕನೆ ನಗು ಏಳುತ್ತದೆ. ಅಧ್ಯಾಯ ಮುಗಿಯುತ್ತದೆ, ಹತ್ತಿ ತೆಗೆದರೆ ರಕ್ತ ನಿಂತಿದೆ. ಎರಡನೇ ಸೂಜಿ ಎಳೆದಾಗ ಅದೇ ಅಧ್ಯಾಯ ಇನ್ನೊಮ್ಮೆ ಬರುತ್ತದೆ.

ಇವರು ಈ ಕೋಣೆಯ ಆಯಾ. ಕಾಗದಪತ್ರದಲ್ಲಿ ಬೇರೆ ಹೆಸರಿದೆ, ಆದರೆ ಆ ಹೆಸರು ಹಿಡಿದು ಕೂಗಿದರೆ ಸ್ವತಃ ಅವರೇ ತಿರುಗಿ ನೋಡುವುದಿಲ್ಲ. ಎಲ್ಲರ ಬಾಯಲ್ಲೂ ಅವರು ಯೋಬಮ್ಮ. ಅರವತ್ತಕ್ಕೆ ಹತ್ತಿರದ ವಯಸ್ಸು, ಗಿಡ್ಡ ದೇಹ, ಇಡೀ ಕಾರಿಡಾರಿಗೆ ಕೇಳುವ ಗಂಟಲು. ನೆಲ ಒರೆಸುವುದು, ಹಾಸಿಗೆಯ ಬಟ್ಟೆ ಬದಲಿಸುವುದು, ರೋಗಿಗಳನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಮೈಯಲ್ಲಿ ಎಷ್ಟು ನೀರು ತುಂಬಿಕೊಂಡು ಬಂದಿದ್ದಾರೆಂದು ನೋಡುವುದು, ಜಾಸ್ತಿ ಕುಡಿದವರಿಗೆ ಮಂಗಳಾರತಿ ಮಾಡುವುದು, ಇದಿಷ್ಟೂ ಅವರ ಕೆಲಸ. ಎಲ್ಲಕ್ಕಿಂತ ದೊಡ್ಡದು ಮಾತ್ರ ಈ ಒತ್ತಿ ಹಿಡಿಯುವ ಕೆಲಸ.

"ನೋಡೋಕೆ ಇದೇನು ಮಹಾ ಅನ್ಸುತ್ತೆ," ಎನ್ನುತ್ತಾರೆ ಯೋಬಮ್ಮ. "ಆದ್ರೆ ಮನುಷ್ಯನ ಕೈ ಸುಮ್ನೆ ಇರಲ್ಲ. ನಿಂತಿತೋ ಇಲ್ವೋ ಅಂತ ಎತ್ತಿ ನೋಡ್ತಾರೆ. ಎತ್ತಿದ್ರೋ, ಚಿಲ್ ಅಂತ ಚಿಮ್ಮುತ್ತೆ. ಗಡಿಯಾರ ನೋಡ್ಕೊಂಡು ಒತ್ತಿದ್ರೆ ಹೊತ್ತೇ ಹೋಗಲ್ಲ. ಒಂದು ಅಧ್ಯಾಯ ಹೇಳೋಕೆ ಶುರು ಮಾಡಿದ್ರೆ ನನಗೆ ಮಧ್ಯ ನಿಲ್ಲಿಸೋಕೆ ಬರಲ್ಲ. ಬಾಯಿ ನಿಲ್ಲೋ ತನಕ ಬೆರಳೂ ಅಲ್ಲೇ ಇರುತ್ತೆ, ಅಷ್ಟೇ."

ಇಷ್ಟುದ್ದದ ಗ್ರಂಥ ಇವರ ನಾಲಿಗೆಗೆ ಹತ್ತಿದ್ದು ಹೇಗೆ ಎಂದು ಕೇಳಿದರೆ ಭಕ್ತಿಯ ಕಥೆಯೊಂದು ಬರಬಹುದೆಂದು ಕಾಯುವವರಿಗೆ ನಿರಾಸೆ ಖಂಡಿತ. ಯೋಬಮ್ಮ ಬೆಳೆದದ್ದು ಅನಾಥ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಅಲ್ಲಿನ ವಾರ್ಡನಮ್ಮ ಮಕ್ಕಳ ಮೈಮೇಲೆ ಕೈ ಮಾಡಿದವರೇ ಅಲ್ಲ. ತಪ್ಪು ಮಾಡಿದರೆ ಒಂದು ಅಧ್ಯಾಯ ಬಾಯಿಪಾಠ ಮಾಡಿ ಒಪ್ಪಿಸಬೇಕು. ಅದೂ ಸಿಹಿಯಾದ ಕೀರ್ತನೆಯಲ್ಲ, ಉದ್ದುದ್ದ ವಾದ ತುಂಬಿದ ಯೋಬನ ಗ್ರಂಥ. ಒಂದೇ ಒಂದು ಮಾತು ತಪ್ಪಿದರೂ ಒಪ್ಪಿಸಿದ್ದು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ.

"ಒಳ್ಳೇ ಹುಡುಗೀರಿಗೆ ಎರಡು ಮೂರು ಅಧ್ಯಾಯ ಬರುತ್ತೆ. ನನಗೆ ಪೂರ್ತಿ ಬರುತ್ತೆ. ಲೆಕ್ಕ ನೀವೇ ಹಾಕ್ಕೊಳ್ಳಿ," ಎಂದು ಸೆರಗಿನ ಮರೆಯಲ್ಲಿ ನಗುತ್ತಾರೆ. ಯಾವ ಅಧ್ಯಾಯ ಯಾವ ತರಲೆಗೆ ಬಂದದ್ದೆಂಬುದೂ ಅವರಿಗೆ ನೆನಪಿದೆ. ಮೂರನೆಯದು ನೀರಿನ ಟ್ಯಾಂಕ್ ಹತ್ತಿದ್ದಕ್ಕೆ. ಹದಿನೈದು ಗೆಳತಿಯ ಜಡೆಯನ್ನು ಬೆಂಚಿಗೆ ಕಟ್ಟಿದ್ದಕ್ಕೆ. ಇಪ್ಪತ್ತೆಂಟು ಅಡುಗೆಮನೆಯ ಸಕ್ಕರೆಗೆ. ಮೂವತ್ತೊಂದು, ಅದು ಮಹಾ ಉದ್ದದ್ದು, ಪ್ರಾರ್ಥನೆಯ ಹೊತ್ತಿಗೆ ಬಾವಲಿ ಹಿಡಿದು ತಂದದ್ದಕ್ಕೆ. "ಪಾಪ, ಅದು ಸುಮ್ನೆ ನೇತಾಡ್ತಿತ್ತು. ವಾರ್ಡನಮ್ಮ ಮಂಚ ಹತ್ತಿ ಕೂತ್ರು."

ಹೀಗೆ ನಲವತ್ತೊಂದು ಅಧ್ಯಾಯ ಮುಗಿದವು. ಉಳಿದದ್ದು ಒಂದೇ, ಯೋಬನ ಕಷ್ಟವೆಲ್ಲ ತೀರಿ, ಕಳೆದುಕೊಂಡದ್ದು ಇಮ್ಮಡಿಯಾಗಿ ಮರಳುವ ಕೊನೆಯ ಅಧ್ಯಾಯ. ಅದನ್ನು ವಾರ್ಡನಮ್ಮ ಶಿಕ್ಷೆಗೆಂದು ಕೊಡಲೇ ಇಲ್ಲ. ಹಾಸ್ಟೆಲ್ ಬಿಟ್ಟು ಹೊರಡುವ ದಿನ ಕರೆದು, ಇದು ತಪ್ಪಿಗೆ ಕೊಡುವ ಪಾಠವಲ್ಲ, ನಿನಗೆ ಬೇಕೆನಿಸಿದಾಗ ನೀನೇ ಕಲಿತುಕೋ ಎಂದರಂತೆ. ಹುಡುಗಿ ಆಸ್ಪತ್ರೆಯ ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತಳು.

ಈಗ ಕೋಣೆಯ ಪದ್ಧತಿಗೆ ಬರೋಣ. ಇದನ್ನು ಯಾರೂ ಮಾಡಿದ್ದಲ್ಲ, ತಾನಾಗಿ ಬೆಳೆದದ್ದು. ರೋಗಿ ಒಂದು ಸಲ ಬಂದುಹೋದರೆ ಒಂದು ಅಧ್ಯಾಯ. ಮೊದಲಿನಿಂದ ಹಿಡಿದು ನಲವತ್ತೊಂದರವರೆಗೆ ಹೋದ ಮೇಲೆ ಮತ್ತೆ ಒಂದಕ್ಕೆ. ನಲವತ್ತೆರಡನ್ನು ಮಾತ್ರ ಸುಮ್ಮನೆ ಹೇಳುವಂತಿಲ್ಲ. ಯಾರಿಗೋ ಮೂತ್ರಪಿಂಡ ಸಿಕ್ಕಿ, ಆಪರೇಷನ್ನಿಗೆ ಹೊರಟು, ಇನ್ನು ಈ ಮಂಚದ ಋಣ ತೀರಿತು ಎನ್ನುವ ದಿನ ಅದನ್ನು ಹೇಳಬೇಕು. ಆ ದಿನ ಕೋಣೆಯಲ್ಲಿರುವವರೆಲ್ಲ ಮೈಯೆಲ್ಲ ಕಿವಿಯಾಗಿ ಕೇಳುತ್ತಾರೆ. ಈ ಕೋಣೆಗೆ ಬರುವವರಲ್ಲಿ ಬೈಬಲ್ ಮುಟ್ಟಿಯೂ ನೋಡದವರೇ ಹೆಚ್ಚು. ಹಾಗಿದ್ದೂ "ಅವರಿಗೆ ನಲವತ್ತೆರಡು ಆಯ್ತಂತೆ" ಎಂದರೆ ಅರ್ಥವೇನೆಂದು ಎಲ್ಲರಿಗೂ ಗೊತ್ತು. ಡಾಕ್ಟರೂ ಒಮ್ಮೊಮ್ಮೆ ಹಾಗೆಯೇ ಮಾತಾಡುತ್ತಾರೆ. ಪುಸ್ತಕ ನರ್ಸಿನ ಮೇಜಿನ ಡ್ರಾಯರಿನಲ್ಲೇ ಬಿದ್ದಿದ್ದರೂ ಯಾವ ರೋಗಿಯೂ ಮುಂದಾಗಿ ಆ ಪುಟ ತೆರೆಯುವುದಿಲ್ಲ.

"ಅವರಿಗೆಲ್ಲ ಯೋಬ ಯಾಕೆ ಹಿಡಿಸ್ತಾನೆ ಗೊತ್ತಾ?" ಎನ್ನುತ್ತಾರೆ ಇಲ್ಲಿನ ಹಿರಿಯ ನರ್ಸ್. "ಅವನು ಗೊಣಗ್ತಾನೆ. ನನಗ್ಯಾಕೆ ಹೀಗಾಯ್ತು ಅಂತ ದೇವರ ಹತ್ರಾನೇ ಜಗಳ ಮಾಡ್ತಾನೆ. ಅವನ ಗೆಳೆಯರು ಬಂದು ಉಪದೇಶ ಬಿಗೀತಾರಲ್ಲ, ಆ ಭಾಗ ಬಂದ್ರೆ ಒಬ್ಬೊಬ್ಬರೂ ತಮ್ಮ ತಮ್ಮ ನೆಂಟರ ಹೆಸರು ಹೇಳಿ ನಗ್ತಾರೆ." ಯೋಬಮ್ಮನ ನೆನಪಿನ ಬಗ್ಗೆ ಅವರದು ಖಡಕ್ ಸರ್ಟಿಫಿಕೇಟು. "ಕೈಯಲ್ಲಿ ಪುಸ್ತಕ ಹಿಡ್ಕೊಂಡು ಎಷ್ಟು ಸಲ ಪರೀಕ್ಷೆ ಮಾಡಿದ್ದೀನೋ. ಒಂದು ಮಾತು ಆಚೆ ಈಚೆ ಆಗಿದ್ದು ನಾನು ಕಂಡಿಲ್ಲ. ಅದೊಂದೇ ವಿಷಯದಲ್ಲಿ ಅವರಿಗೆ ಜಂಭ, ಇರಲಿ ಬಿಡಿ."

ಜಂಭದ ವಿಷಯವನ್ನು ಮನೆಯವರೂ ಒಪ್ಪುತ್ತಾರೆ. ಆಸ್ಪತ್ರೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಗಂಡನ ಹೊಲಿಗೆ ಯಂತ್ರ, ಸುತ್ತ ಜಿಪ್ ಕಿತ್ತ ಶಾಲೆಯ ಬ್ಯಾಗುಗಳ ಗುಡ್ಡೆ. ಬ್ಯಾಗ್ ರಿಪೇರಿಯಲ್ಲಿ ಅವರದು ಎತ್ತಿದ ಕೈ, ಮಾತಿನಲ್ಲಿ ಹೆಂಡತಿಯದು. "ನಮ್ಮಲ್ಲಿ ಜಗಳ ಆದ್ರೆ ಬೈಗುಳ ಇರಲ್ಲ," ಎಂದು ಆತ ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತಾರೆ. "ನೀನು ಯೋಬನ ಎರಡನೇ ಗೆಳೆಯನ ಹಾಗೆ ಮಾತಾಡ್ತೀಯ ಅಂತಾಳೆ. ಆ ಗೆಳೆಯ ಏನಂದ ಅಂತ ಕೇಳಿದ್ರೆ ಪೂರ್ತಿ ಒಪ್ಪಿಸ್ತಾಳೆ. ಅಷ್ಟು ಹೊತ್ತಿಗೆ ಜಗಳ ಯಾಕೆ ಶುರುವಾಯ್ತು ಅನ್ನೋದೇ ಮರೆತುಹೋಗಿರುತ್ತೆ."

ಇಂಥ ಯೋಬಮ್ಮನ ಬಾಯಿ ಒಂದೇ ಒಂದು ಸಲ ಕೈಕೊಟ್ಟಿದೆ. ಅದೂ ಮರೆತದ್ದರಿಂದಲ್ಲ, ಮರೆಯದೆ ಹೋದದ್ದರಿಂದ.

ಐದನೇ ಮಂಚ ಡ್ರೈವರಣ್ಣನದು. ಬಸ್ಸು ಓಡಿಸುತ್ತಿದ್ದವರು. ಆಳು ದೊಡ್ಡದು, ಮೀಸೆ ದೊಡ್ಡದು, ಸೂಜಿ ಕಂಡರೆ ಮಾತ್ರ ಮುಖ ಆ ಕಡೆ ತಿರುಗಿಸುತ್ತಾರೆ. ವರ್ಷಗಳಿಂದ ಬರುತ್ತಿದ್ದಾರೆ, ಯೋಬನನ್ನು ಒಂದರಿಂದ ನಲವತ್ತೊಂದರವರೆಗೆ ಹಲವು ಸುತ್ತು ಕೇಳಿದ್ದಾರೆ. ಅವರ ತಂಗಿಯ ಮೂತ್ರಪಿಂಡ ಹೊಂದುತ್ತದೆಂದು ಮೊದಲ ಪರೀಕ್ಷೆಯಲ್ಲೇ ತಿಳಿದಿತ್ತು. ತಂಗಿ ಕೊಡುತ್ತೇನೆಂದು ಕೂತಿದ್ದಳು. ಇವರು ಸುತರಾಂ ಒಪ್ಪಲಿಲ್ಲ. ಅಣ್ಣನಾದವನು ಕೊಡಬೇಕೇ ಹೊರತು ತೆಗೆದುಕೊಳ್ಳಬಾರದು, ಅವಳಿಗೂ ಚಿಕ್ಕ ಚಿಕ್ಕ ಮಕ್ಕಳಿದ್ದಾರೆ ಎಂಬುದು ಅವರ ಹಠ. ತಂಗಿ ಅತ್ತು ಕರೆದು ಸಾಕಾಗಿ ಅಣ್ಣನ ಜೊತೆ ಮಾತು ಬಿಟ್ಟಿದ್ದಳು.

ಆ ವಾರ ಇನ್ನೊಬ್ಬ ಆಯಾ ಜ್ವರವೆಂದು ಮಲಗಿದ್ದರು. ಯೋಬಮ್ಮ ಬೆನ್ನಿಗೆ ಬೆನ್ನು ಪಾಳಿ ಮಾಡಿ ಹೈರಾಣಾಗಿದ್ದರು, ನಿಂತಲ್ಲೇ ತೂಕಡಿಕೆ. ಡ್ರೈವರಣ್ಣನದು ಅಂದು ನಲವತ್ತೊಂದು, ನೀರಿನಲ್ಲಿ ಹೊರಳಾಡುವ ದೈತ್ಯಪ್ರಾಣಿಯ ಅಧ್ಯಾಯ. ಮೊದಲ ಸೂಜಿಗೆ ಹೇಳಿದ್ದಾಯಿತು. ಎರಡನೇ ಸೂಜಿಗೆ ಮತ್ತೆ ಶುರು ಮಾಡಿದರು, ಮುಗಿಸಿದರು, ಆದರೆ ಬಾಯಿ ನಿಲ್ಲಲಿಲ್ಲ. ಕಣ್ಣು ಮುಚ್ಚಿತ್ತು, ಬೆರಳು ಒತ್ತಿತ್ತು, ನಾಲಿಗೆ ತನ್ನ ಪಾಡಿಗೆ ತಾನು ಮುಂದಿನ ಅಧ್ಯಾಯಕ್ಕೆ ದಾಟಿತ್ತು. ಯೋಬ ದೇವರ ಮುಂದೆ ಸೋತು ಮಾತಾಡಿದ, ಗೆಳೆಯರಿಗಾಗಿ ಬೇಡಿಕೊಂಡ, ಕುರಿ ಒಂಟೆಗಳು ಇಮ್ಮಡಿಯಾದವು, ಹೆಣ್ಣುಮಕ್ಕಳ ಹೆಸರೂ ಬಂದುಹೋಯಿತು. ಯೋಬ ತುಂಬು ವಯಸ್ಸಿನಲ್ಲಿ ಕಣ್ಣು ಮುಚ್ಚಿದ ಮೇಲೆಯೇ ಯೋಬಮ್ಮ ಕಣ್ಣು ಬಿಟ್ಟದ್ದು.

ನರ್ಸ್ ಕೈಯಲ್ಲಿ ಹತ್ತಿ ಹಿಡಿದು ಹಾಗೇ ನಿಂತಿದ್ದರು. "ಏನಾಯ್ತು ಅಂತ ಒಂದು ಕ್ಷಣ ಗೊತ್ತೇ ಆಗ್ಲಿಲ್ಲ," ಎನ್ನುತ್ತಾರೆ ಯೋಬಮ್ಮ. "ಗೊತ್ತಾದ ಮೇಲೂ ಬೆರಳು ಎತ್ತದೆ ಹಾಗೇ ಒತ್ತಿ ಹಿಡ್ಕೊಂಡಿದ್ದೆ." ಡ್ರೈವರಣ್ಣ ಕೇಳಿದ್ದು ಒಂದೇ ಮಾತು, "ಮುಗೀತಾ?" ಆಮೇಲೆ ಎದ್ದು, ಚಪ್ಪಲಿ ಮೆಟ್ಟಿ, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಮೂತ್ರಪಿಂಡ ಸಿಕ್ಕವರು ನಲವತ್ತೆರಡು ಕೇಳಿ ಮನೆಗೆ ಹೋಗುತ್ತಾರೆ. ಸಿಗದವರು ಕೇಳಿದರೆ ಹೋಗುವುದು ಎಲ್ಲಿಗೆ ಎಂದು ಅವರು ತಮಗೆ ತಾವೇ ತೀರ್ಮಾನ ಮಾಡಿಕೊಂಡಿದ್ದರು.

ಮುಂದಿನ ಪಾಳಿಯಲ್ಲಿ ಐದನೇ ಮಂಚ ಖಾಲಿ. ಅದರ ಮುಂದಿನ ಪಾಳಿಯಲ್ಲೂ ಖಾಲಿ. ಫೋನ್ ಮಾಡಿದರೆ ಹೆಂಡತಿ ತೆಗೆದು, ಬರಲ್ಲ ಅಂತಿದ್ದಾರೆ ಎಂದು ಅತ್ತು ಇಟ್ಟುಬಿಟ್ಟರು. ಈ ಕಾಯಿಲೆಯಲ್ಲಿ ಒಂದು ಪಾಳಿ ತಪ್ಪಿದರೆ ನೀರು ಕಾಲಿಗೆ ಇಳಿಯುತ್ತದೆ, ಎರಡು ತಪ್ಪಿದರೆ ಎದೆಗೆ ಏರುತ್ತದೆ. ಮೂರನೆಯದು ತಪ್ಪಿದರೆ ಏನೆಂದು ಆ ಕೋಣೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಯೋಬಮ್ಮ ಒರೆಸುತ್ತಿದ್ದ ನೆಲವನ್ನು ಅರ್ಧಕ್ಕೇ ಬಿಟ್ಟು, ನರ್ಸಿಗೆ ಒಂದು ಮಾತು ಹೇಳಿ, ಬಸ್ ಡಿಪೋದ ಹಿಂದಿನ ಗಲ್ಲಿಗೆ ಹೊರಟರು.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದರಂತೆ. ಅದೊಂದು ಪಾಠ ಅಷ್ಟೇ, ಅದಕ್ಕೆ ಯಾರನ್ನೂ ಉಳಿಸುವ ಕೊಲ್ಲುವ ಶಕ್ತಿ ಇಲ್ಲ, ದೇವರು ನನ್ನ ಬಾಯಿ ನೋಡಿಕೊಂಡು ಆಯಸ್ಸು ಬರೆಯುವುದಿಲ್ಲ. ಎಲ್ಲ ಸರಿಯಾದ ಮಾತುಗಳೇ. ಆದರೆ ಮೆಟ್ಟಿಲು ಹತ್ತುವಾಗ ಇನ್ನೊಂದು ಯೋಚನೆ ಬಂತು. "ಅದರಲ್ಲಿ ಏನೂ ಇಲ್ಲ ಅಂತ ಇವರಿಗೆ ಹೇಳಿದ್ರೆ, ಅದನ್ನ ಕೇಳಿಸ್ಕೊಂಡು ಖುಷಿಯಾಗಿ ಮನೆಗೆ ಹೋದರಲ್ಲ, ಅವರಿಗೂ ನಾನು ಏನೂ ಕೊಟ್ಟಿಲ್ಲ ಅಂತಾಯ್ತು. ಇನ್ನೂ ಕಾಯ್ತಾ ಇರೋರಿಗೆ ಏನಂತ ಹೇಳ್ಲಿ?"

ಡ್ರೈವರಣ್ಣ ಬೆನ್ನಿಗೆ ದಿಂಬು ಒಟ್ಟಿಕೊಂಡು ಕೂತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಾಲು ಬಾತು ಹೊಳೆಯುತ್ತಿದ್ದವು. ಗೋಡೆಯ ಮೊಳೆಗೆ ಇಸ್ತ್ರಿ ಮಾಡಿದ ಯೂನಿಫಾರ್ಮ್ ನೇತುಹಾಕಿತ್ತು. ಹೆಂಡತಿ ಬಾಗಿಲ ಬಳಿ ಸೆರಗು ಕಚ್ಚಿಕೊಂಡು ನಿಂತಿದ್ದರು.

"ಯಾಕೆ ಬರ್ಲಿಲ್ಲ?" ಎಂದರು ಯೋಬಮ್ಮ, ಬೈಯುವ ದನಿಯಲ್ಲೇ.

"ನೀವೇ ಹೇಳಿದ್ರಲ್ಲ, ಕೊನೇ ಸ್ಟಾಪ್ ಬಂತು ಅಂತ. ಇಳೀಬೇಕಲ್ವಾ," ಎಂದರು ಡ್ರೈವರಣ್ಣ. ಅಷ್ಟು ಹೇಳುವುದಕ್ಕೆ ಎರಡು ಸಲ ಉಸಿರು ತೆಗೆದುಕೊಂಡರು.

"ಅದು ಲೆಕ್ಕಕ್ಕೆ ಬರಲ್ಲ ಡ್ರೈವರಣ್ಣ. ನಾನವತ್ತು ಎರಡು ಸಾಲು ಬಿಟ್ಟೆ."

"ನೀವಾ? ಬಿಟ್ರಾ?"

"ನಾನೇ. ನಿದ್ದೆಗಣ್ಣು. ಮಧ್ಯದಲ್ಲಿ ಎರಡು ಸಾಲು ಹಾರಿಸ್ಬಿಟ್ಟೆ. ನಮ್ಮ ವಾರ್ಡನಮ್ಮ ಇದ್ದಿದ್ರೆ ಒಪ್ಪಿಸಿದ್ದೇ ಅಲ್ಲ ಅಂತಿದ್ರು. ಮತ್ತೆ ಮೊದಲಿಂದ ಹೇಳ್ಬೇಕು. ನಿಮಗೆ ಒಂದನೇ ಅಧ್ಯಾಯದಿಂದ ಬಾಕಿ ಇದೆ. ಏಳಿ, ಚಪ್ಪಲಿ ಹಾಕ್ಕೊಳ್ಳಿ."

"ಚಪ್ಪಲಿ ಕಾಲಿಗೆ ಹೋಗ್ತಿಲ್ಲ, ಯೋಬಮ್ಮ."

"ಹಾಗಾದ್ರೆ ಬರಿಗಾಲಲ್ಲೇ ಬನ್ನಿ."

ಡ್ರೈವರಣ್ಣ ಬಹಳ ಹೊತ್ತು ಅವರ ಮುಖವನ್ನೇ ನೋಡಿದರು. ಆಮೇಲೆ ಹೆಂಡತಿಯ ಕಡೆ ಕೈ ಚಾಚಿದರು. ಒಂದು ಕಡೆ ಹೆಂಡತಿ, ಒಂದು ಕಡೆ ಯೋಬಮ್ಮ, ಮೆಟ್ಟಿಲು ಇಳಿಸುವಷ್ಟರಲ್ಲಿ ಮೂವರಿಗೂ ಏದುಸಿರು. ಆಟೋ ಹಿಡಿದು ಆಸ್ಪತ್ರೆ ಮುಟ್ಟಿದರು. ಐದನೇ ಮಂಚದ ಯಂತ್ರ ಓಡತೊಡಗಿದಾಗ ನರ್ಸ್ ಔಷಧಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರಂತೆ. ಇದನ್ನು ಅವರೇ ಹೇಳಿದ್ದು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಯೋಬಮ್ಮ ತಪ್ಪಿದರಂತೆ ಎಂದು ಅಡುಗೆಮನೆಯವರಿಗೆ ಗೊತ್ತಾಯಿತು, ಎಕ್ಸ್‌ರೇಯವರಿಗೆ ಗೊತ್ತಾಯಿತು, ಗೇಟಿನ ಕಾವಲುಗಾರನೂ ಕೇಳಿದ, "ಏನಮ್ಮಾ, ಗಾಡಿ ಪಂಕ್ಚರ್ ಅಂತೆ?" ಹಾಸ್ಟೆಲಿನಿಂದ ಈಚೆಗೆ ಯಾರಿಂದಲೂ ಅಂಥ ಮಾತು ಕೇಳಿಸಿಕೊಳ್ಳದ ಹೆಂಗಸು. ಒಬ್ಬೊಬ್ಬರಿಗೂ ತಲೆ ತಗ್ಗಿಸಿ, ಹೌದಪ್ಪ, ವಯಸ್ಸಾಯ್ತು ಎನ್ನುತ್ತ ನೆಲ ಒರೆಸುತ್ತಾ ಹೋದರು. ಗಂಡ ಒಂದು ಸಂಜೆ ಕೆಲಸ ನಿಲ್ಲಿಸಿ, ನಿಜವಾಗ್ಲೂ ಬಿಟ್ಟೆಯೇನೇ ಎಂದು ಕೇಳಿದರೆ, ಬ್ಯಾಗ್ ಹೊಲಿ ಎಂದರಂತೆ.

ಡ್ರೈವರಣ್ಣ ಈಗ ಐದನೇ ಮಂಚದಲ್ಲಿ ಒರಗಿ ಐಸಿನ ತುಂಡು ಚೀಪುತ್ತಿದ್ದಾರೆ. ನೀರು ಕುಡಿಯುವಂತಿಲ್ಲವಲ್ಲ, ಅದೇ ಭಾಗ್ಯ. ಯೋಬಮ್ಮ ಹಾಸಿಗೆಯ ಬಟ್ಟೆ ತರಲು ಹೊರಗೆ ಹೋದದ್ದನ್ನು ಖಚಿತ ಮಾಡಿಕೊಂಡು ಅವರು ದನಿ ತಗ್ಗಿಸುತ್ತಾರೆ. "ಅವರು ಏನೂ ಬಿಟ್ಟಿರ್ಲಿಲ್ಲ. ಅವರು ಕರ್ಕೊಂಡು ಬಂದ್ರಲ್ಲ, ಆಮೇಲೆ ಆಸ್ಪತ್ರೆಯಿಂದ ಮನೆಗೆ ಹೋದ ದಿನಾನೇ ಪುಸ್ತಕ ತರಿಸಿ, ಹೆಂಡತಿ ಹತ್ರ ಓದಿಸ್ದೆ. ತನ್ನ ತೀರ್ಪು ಅಂತ ತಿಳ್ಕೊಂಡು ಕೇಳಿದೋನಿಗೆ ಮರೆಯುತ್ತಾ? ಅವರು ಹೇಳಿದ್ದೆಲ್ಲ ಇತ್ತು, ಪುಸ್ತಕದಲ್ಲಿ ಇದ್ದಿದ್ದೆಲ್ಲ ಅವರು ಹೇಳಿದ್ರು."

ಇನ್ನೊಂದು ಐಸಿನ ತುಂಡು ಬಾಯಿಗೆ ಹಾಕಿಕೊಂಡು ಮುಂದುವರಿಸುತ್ತಾರೆ. "ಆಯಮ್ಮನ ಹತ್ರ ಇರೋದೇ ಅದೊಂದು ಹೆಸರು. ಅದನ್ನೇ ನನಗೋಸ್ಕರ ಬಿಟ್ಟುಕೊಟ್ರು. ನಾನೂ ತಗೊಂಡೆ, ಬರಿಗಾಲಲ್ಲಿ ಬಂದೆ. ಅಷ್ಟು ದೊಡ್ಡದನ್ನ ತಗೊಂಡ ಮೇಲೆ, ತಂಗಿ ಕೊಡೋದನ್ನ ಬೇಡ ಅನ್ನೋಕೆ ನನಗೆ ಯಾವ ಮುಖ ಇದೆ, ನೀವೇ ಹೇಳಿ." ಮರುದಿನವೇ ತಂಗಿಗೆ ಫೋನ್ ಮಾಡಿದರಂತೆ. ಅವಳು ಮೊದಲು ಚೆನ್ನಾಗಿ ಬೈದಳಂತೆ, ಆಮೇಲೆ ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು ಬಂದಳಂತೆ. ಹೊರಗಿನ ಬೆಂಚಿನ ಮೇಲೆ ಫ್ಲಾಸ್ಕ್ ಹಿಡಿದು ಕೂತಿರುವ ಹೆಂಗಸು ಅವಳೇ. ಪರೀಕ್ಷೆಗಳು ಒಂದೊಂದಾಗಿ ಮುಗಿಯುತ್ತಿವೆ, ಇಲ್ಲಿಯವರೆಗಿನವು ಚೆನ್ನಾಗಿ ಬಂದಿವೆ. ಎಲ್ಲ ಕೂಡಿಬಂದರೆ ಆಪರೇಷನ್ನಿಗೆ ದಿನ ಗೊತ್ತಾಗುತ್ತದೆ. ಯಾವುದೂ ಇನ್ನೂ ಕೈಗೆ ಬಂದಿಲ್ಲ, ಅದು ಎಲ್ಲರಿಗೂ ಗೊತ್ತಿದೆ.

ಡ್ರೈವರಣ್ಣನ ಯಂತ್ರ ನಿಲ್ಲುತ್ತದೆ. ಯೋಬಮ್ಮ ಕೈಗವಸು ಎಳೆದುಕೊಳ್ಳುತ್ತ ಬರುತ್ತಾರೆ. ಡ್ರೈವರಣ್ಣನದು ಇವತ್ತು ಹದಿನಾರು, ಗೆಳೆಯರ ಸಾಂತ್ವನದ ಮಾತು ಕೇಳಿ ಕೇಳಿ ಯೋಬನಿಗೆ ತಲೆಚಿಟ್ಟು ಹಿಡಿಯುವ ಭಾಗ. ಡ್ರೈವರಣ್ಣ ಮುಖ ಆ ಕಡೆ ತಿರುಗಿಸುತ್ತಾರೆ. ಸೂಜಿ ಬರುತ್ತದೆ, ಬೆರಳು ಕೂರುತ್ತದೆ, ಬಾಯಿ ಹೊರಡುತ್ತದೆ. ಎರಡು ಸಲ ಹೇಳಿ ಮುಗಿಸಿ ಯೋಬಮ್ಮ ಅಲ್ಲಿಗೇ ತುಟಿ ಹೊಲಿದುಕೊಂಡವರಂತೆ ನಿಲ್ಲಿಸುತ್ತಾರೆ. ಆ ದಿನದಿಂದ ಈಚೆಗೆ ಪ್ರತಿ ಅಧ್ಯಾಯದ ಕೊನೆಗೂ ಹೀಗೆಯೇ ಅಂತೆ.

ಕೈ ತೊಳೆಯಲು ಬಂದಾಗ ಪತ್ರಿಕೆಗೆ ಬರೆದುಕೊಳ್ಳುತ್ತಾ ಅವರನ್ನು ಕೇಳಿದ್ದಾಯಿತು, ಅಂದು ಬಿಟ್ಟದ್ದು ಯಾವ ಎರಡು ಸಾಲು? ಬಾವಲಿಗೆ ಬಂದ ಅಧ್ಯಾಯ ಯಾವುದು, ಸಕ್ಕರೆಗೆ ಬಂದದ್ದು ಯಾವುದು ಎಂದು ಇಂದಿಗೂ ಹೇಳಬಲ್ಲ ಯೋಬಮ್ಮ ನಲ್ಲಿಯ ನೀರನ್ನೇ ನೋಡುತ್ತ ನಿಲ್ಲುತ್ತಾರೆ. "ಯಾವುದೋ ಎರಡು. ಈಗ ನೆನಪಿಲ್ಲ." ಕೈ ಒರೆಸಿಕೊಳ್ಳುತ್ತಾರೆ. ಒಳಗಿನಿಂದ ಮುಂದಿನ ಮಂಚದವರು ಕೂಗುತ್ತಾರೆ, ಬಂದೆ ಎನ್ನುತ್ತಾರೆ. ಬಾಗಿಲವರೆಗೆ ಹೋದವರು ಏನೋ ಹೊಳೆದಂತೆ ಹಿಂದಿರುಗಿ ಬಂದು ದನಿ ತಗ್ಗಿಸುತ್ತಾರೆ.

"ಪೇಪರಲ್ಲಿ ನನ್ನ ಬಗ್ಗೆ ಬೇರೆ ಏನಾದ್ರೂ ಬರೀರಿ, ಬಿಡಿ. ಎರಡು ಸಾಲು ಬಿಟ್ಟೆ ಅನ್ನೋದನ್ನ ಮಾತ್ರ ತಪ್ಪದೆ ಹಾಕಿ. ಡ್ರೈವರಣ್ಣ ಪೇಪರ್ ಓದ್ತಾರೆ."